ಕುದುರೆ ಫಾರ್ಮ್‌ನಲ್ಲಿ ಲೆಕ್ಕದ ಕೆಲಸ: ಎಲ್ಲಿಂದ ಕಲಿಯಲಿ?

ಪ್ರಶ್ನೆ: ರೇಸ್ ಕುದುರೆ ಬೆಳೆಸುವ ಸ್ಟಡ್ ಫಾರ್ಮ್‌ನಲ್ಲಿ ಲೆಕ್ಕಪತ್ರ ನೋಡುವ ಕೆಲಸ ಸಿಕ್ಕಿದೆ. ಮೊದಲು ಬಟ್ಟೆ ಕಂಪನಿಯಲ್ಲಿದ್ದೆ. ಕುದುರೆಯನ್ನು ಹತ್ತಿರದಿಂದ ನೋಡಿಯೇ ಇಲ್ಲ. ಈ ಉದ್ಯಮ ಅರ್ಥವಾಗಲು ಎಲ್ಲಿಂದ ಶುರು ಮಾಡಲಿ?

ಉತ್ತರ: ಲಾಯದಿಂದ. ಬೆಳಗ್ಗೆ ಮೇವು ಹಾಕುವ ಹೊತ್ತಿಗೆ ಹೋಗಿ, ಕುದುರೆ ನೋಡಿಕೊಳ್ಳುವವರ ಜೊತೆ ನಿಂತುಕೊಳ್ಳಿ. ಲಾಯದ ಉಸ್ತುವಾರಿಯಲ್ಲೇ ಇಷ್ಟು ವರ್ಷ ಕಳೆದವನು ನಾನು. ಕುದುರೆ ಗೊತ್ತಿರುವವರಿಗೆ ಲೆಕ್ಕವೂ ಬೇಗ ಹಿಡಿತಕ್ಕೆ ಸಿಗುತ್ತದೆ.

ನಿಮ್ಮ ಟೇಬಲ್ಲಿಗೆ ಬರುವ ಬಹಳಷ್ಟು ಬಿಲ್ಲುಗಳಿಗೆ ಕುದುರೆಯ ಮೈಯಲ್ಲೇ ಕಾರಣ ಇರುತ್ತದೆ. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಲಾಳ ಹೊಡೆಯುವವರು ಸುಮಾರು 6 ವಾರಕ್ಕೊಮ್ಮೆ ಬರಲೇಬೇಕು. ಅದನ್ನು ಮುಂದೂಡಿ ದುಡ್ಡು ಉಳಿಸೋಣ ಅನ್ನಬೇಡಿ, ಕಾಲು ಕೆಡುತ್ತದೆ.

ಮೇವಿನ ಲೆಕ್ಕ ಇನ್ನೂ ಸೂಕ್ಷ್ಮ. 500 ಕೆಜಿ ಕುದುರೆಗೆ ದಿನಕ್ಕೆ 8ರಿಂದ 10 ಕೆಜಿ ಒಣಹುಲ್ಲು ಬೇಕು. ಹೊಟ್ಟೆಯ ಚೀಲ ಚಿಕ್ಕದು, ಸ್ವಲ್ಪ ಸ್ವಲ್ಪವೇ ತಿನ್ನುತ್ತಿರಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಗೊತ್ತಾ? ಬೂಸಲು ಹಿಡಿದ ಹುಲ್ಲು ಹೊಟ್ಟೆಗೆ ಹೋದರೆ ಹೊರಗೆ ಬರುವ ದಾರಿ ಇಲ್ಲ. ಹೊಟ್ಟೆನೋವು ಬಂದ ಕುದುರೆ ಕುತ್ತಿಗೆ ತಿರುಗಿಸಿ ತನ್ನ ಪಕ್ಕೆಯನ್ನೇ ನೋಡುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ, ಮಲಗಿ ಹೊರಳುತ್ತದೆ. ಅಂಥದ್ದು ಕಣ್ಣಿಗೆ ಬಿದ್ದರೆ ಯಾರ ಅನುಮತಿಗೂ ಕಾಯದೆ ಡಾಕ್ಟರಿಗೆ ಫೋನ್ ಮಾಡಿಸಿ. ಕಡಿಮೆ ಬೆಲೆಯ ಹುಲ್ಲಿನ ಕೊಟೇಶನ್ ಬಂದಾಗಲೂ ಇದು ನೆನಪಿರಲಿ.

ಇನ್ನು ವರ್ಷದ ಲೆಕ್ಕ. ಥರೋಬ್ರೆಡ್ ಅಂದರೆ ರೇಸಿಗೆ ಬೆಳೆಸುವ ತಳಿ; ಆ ಕುದುರೆ ಯಾವ ತಿಂಗಳಲ್ಲೇ ಹುಟ್ಟಿರಲಿ, ಉತ್ತರಾರ್ಧಗೋಳದಲ್ಲಿ ಜನವರಿ 1ಕ್ಕೆ ಅದಕ್ಕೆ ಒಂದು ವರ್ಷ ಸೇರುತ್ತದೆ. ಗರ್ಭ ಸುಮಾರು 11 ತಿಂಗಳು. ವರ್ಷದ ಕೊನೆಗೆ ಹುಟ್ಟಿದ ಮರಿ ಕೆಲವೇ ದಿನಕ್ಕೆ ಒಂದು ವರ್ಷದ್ದು ಅನ್ನಿಸಿಕೊಂಡುಬಿಡುತ್ತದೆ. ಮರಿ ವರ್ಷದ ಆರಂಭದಲ್ಲೇ ಹುಟ್ಟಲಿ ಅಂತ ಎಲ್ಲರೂ ಲೆಕ್ಕ ಹಾಕುವುದು ಅದಕ್ಕೇ. ಈ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಬೀಜದ ಕುದುರೆ ಬೇರೆ ಕಡೆ ಇದ್ದರೆ ಹೆಣ್ಣು ಕುದುರೆಯನ್ನೇ ಅಲ್ಲಿಗೆ ಕಳಿಸಬೇಕು. ಸಾಗಾಣಿಕೆ ಖರ್ಚು ಜಾಸ್ತಿ ಕಂಡರೆ ಗಾಬರಿಯಾಗಬೇಡಿ.

ಲಾಯದೊಳಗೆ ಹಿಂದಿನಿಂದ ಸುಮ್ನೆ ಹೋಗಬೇಡಿ. ನೇರ ಹಿಂದೆ ಇರುವುದು ಅದಕ್ಕೆ ಕಾಣುವುದಿಲ್ಲ. ಮಾತಾಡುತ್ತಾ ಭುಜದ ಕಡೆಯಿಂದ ಹತ್ತಿರ ಹೋಗಿ. ಕಿವಿ ಹಿಂದಕ್ಕೆ ಒತ್ತಿಕೊಂಡರೆ ಅಲ್ಲೇ ನಿಲ್ಲಿ. ಕುದುರೆಗೊಂದು ಪುಟ ಇಟ್ಟು ಲಾಳ, ಲಸಿಕೆ, ಹಲ್ಲನ್ನು ಅರದಿಂದ ಉಜ್ಜಿ ಸಮ ಮಾಡಿಸಿದ ದಿನ ಬರೆಯುತ್ತಾ ಹೋಗಿ. ತಿಳಿಯದ್ದನ್ನು ಮೊದಲು ಲಾಯದವರನ್ನೇ ಕೇಳಿ, ಸಂತೋಷದಿಂದ ಹೇಳಿಕೊಡುತ್ತಾರೆ.