ಶುಗರ್‌ಗೆ ಆಂಟಿಆಕ್ಸಿಡೆಂಟ್ ಡಬ್ಬಿ ಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನಂಗೆ 52 ವರ್ಷ, ಶುಗರ್ ಬಂದು ನಾಲ್ಕು ವರ್ಷ ಆಯ್ತು, ಮೆಟ್‌ಫಾರ್ಮಿನ್ ತಗೋತಿದೀನಿ, ಹೋದ ತಿಂಗಳು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ಟೆಸ್ಟು) 7.8 ಬಂತು. ನಮ್ಮ ಭಾವಮೈದ ಒಂದು ಡಬ್ಬಿ ತಂದ್ಕೊಟ್ಟಿದಾನೆ, ವಿಟಮಿನ್ ಸಿ, ಇ, ಸೆಲೆನಿಯಂ ಎಲ್ಲಾ ಇದ್ಯಂತೆ, ಪ್ಯಾಂಕ್ರಿಯಾಸ್ ಸೆಲ್ ಸಾಯದ ಹಾಗೆ ಕಾಪಾಡುತ್ತೆ, ಆಮೇಲೆ ಮಾತ್ರೆನೇ ಬೇಡ ಅಂತಾನೆ. ತಿಂಗಳಿಗೆ 1,800 ರೂಪಾಯಿ. ಕಾಲು ಉರಿಗೆ ಇಲ್ಲಿನ ಡಾಕ್ಟ್ರು ಕೊಟ್ಟಿರೋ ಆಲ್ಫಾ ಲಿಪೊಯಿಕ್ ಆಸಿಡ್ ಕೂಡ ಇದೇ ಜಾತಿನಾ?

ಉತ್ತರ: ನಿಮ್ಮ ಭಾವಮೈದ ಪೂರ್ತಿ ಬುರುಡೆ ಬಿಟ್ಟಿಲ್ಲ, ಅದಕ್ಕೇ ಜನ ನಂಬೋದು. ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ರೆ ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ಮಾಡೋ ಬೀಟಾ ಸೆಲ್ ಒಳಗೆ ಫ್ರೀ ರಾಡಿಕಲ್ ಅನ್ನೋ, ಸೆಲ್ ಹಾಳು ಮಾಡೋ ಕಣ ಹುಟ್ಕೊಳುತ್ತೆ, ಅದನ್ನ ತಡೆಯೋ ಕ್ಯಾಟಲೇಸ್ ಥರದ ಎನ್‌ಜೈಮು ಲಿವರ್‌ನಲ್ಲಿ ಇರೋಷ್ಟು ಅಲ್ಲಿರಲ್ಲ. 1999ರಲ್ಲಿ ಜಪಾನಿನವರು ಡಯಾಬಿಟಿಸ್ ಇರೋ ಇಲಿಗಳಿಗೆ ಎನ್-ಅಸಿಟೈಲ್ ಸಿಸ್ಟೀನ್ ಅನ್ನೋ ಆಂಟಿಆಕ್ಸಿಡೆಂಟ್ (ಫ್ರೀ ರಾಡಿಕಲ್ ತಡೆಯೋ ವಸ್ತು) ಕೊಟ್ಟು ನೋಡಿದಾಗ ಬೀಟಾ ಸೆಲ್ ಚೆನ್ನಾಗೇ ಉಳಿದ್ವು. ಡಬ್ಬಿ ಮಾರೋರು ಕತೆನ ಇಲ್ಲಿಗೇ ನಿಲ್ಲಿಸ್ತಾರೆ.

ಮನುಷ್ಯರಲ್ಲಿ ಆಗಿದ್ದೇ ಬೇರೆ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಒಂಬತ್ತು ವರ್ಷ ಸಿ, ಇ, ಬೀಟಾ ಕೆರೋಟಿನ್ ಪರೀಕ್ಷೆ ಮಾಡಿದ್ರು, ಹೊಸದಾಗಿ ಶುಗರ್ ಬರೋದೇನೂ ಕಮ್ಮಿ ಆಗ್ಲಿಲ್ಲ. ಸೆಲೆನಿಯಂ ಅಂತೂ ಇನ್ನೊಂದು ಸ್ಟಡಿಯಲ್ಲಿ ದಿನಕ್ಕೆ 200 ಮೈಕ್ರೋಗ್ರಾಂ ತಗೊಂಡವರಲ್ಲೇ ಡಯಾಬಿಟಿಸ್ ಜಾಸ್ತಿ ಕಾಣಿಸ್ತು, ಹಾಗಾಗಿ ಡಬ್ಬಿ ಹಿಂದೆ ಅದರ ಪ್ರಮಾಣ ಎಷ್ಟಿದೆ ಓದಿ ನೋಡಿ. ಜರ್ಮನಿಯವರು 2009ರಲ್ಲಿ ಇನ್ನೊಂದು ತಮಾಷೆ ತೋರಿಸಿದ್ರು, ದಿನಾ ಒಂದು ಗ್ರಾಂ ವಿಟಮಿನ್ ಸಿ ಜೊತೆಗೆ ಇ ನುಂಗಿ ನಾಲ್ಕು ವಾರ ವ್ಯಾಯಾಮ ಮಾಡಿದವರಿಗೆ ಇನ್ಸುಲಿನ್ ಕೆಲಸ ಸುಧಾರಿಸಲೇ ಇಲ್ಲ, ಬರೀ ವ್ಯಾಯಾಮ ಮಾಡಿದವರಿಗೆ ಸುಧಾರಿಸ್ತು. ನೆಲ್ಲಿಕಾಯಿ ಚಟ್ನಿ ಬಿಡಿ ಅಂತ ಹೇಳ್ತಿಲ್ಲ ಮತ್ತೆ, ಅದು ಊಟ.

ಬೀಟಾ ಸೆಲ್‌ಗೆ ನೆರಳು ಬೇಕಂದ್ರೆ ಬಿಸಿಲನ್ನೇ ಕಮ್ಮಿ ಮಾಡ್ಬೇಕು, ಅಂದ್ರೆ ಸಕ್ಕರೆ ಮತ್ತೆ ಹೊಟ್ಟೆಯ ಬೊಜ್ಜು. ಬ್ರಿಟನ್ನಿನ ‘ಡೈರೆಕ್ಟ್’ ಅನ್ನೋ ಹೆಸರಿನ ಸ್ಟಡಿಯಲ್ಲಿ ಶುಗರ್ ಬಂದು ಆರು ವರ್ಷ ದಾಟದ ದಪ್ಪ ಜನಕ್ಕೆ ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿ ಆಸುಪಾಸಿನ ಊಟ ಕೊಟ್ಟು ತೂಕ ಇಳಿಸಿದ್ರು, ಒಂದು ವರ್ಷದ ಹೊತ್ತಿಗೆ 46% ಜನಕ್ಕೆ ಶುಗರ್ ಮಾತ್ರೆ ಇಲ್ದೇನೇ ಸಕ್ಕರೆ ಡಯಾಬಿಟಿಸ್ ಮಟ್ಟಕ್ಕಿಂತ ಕೆಳಗಿತ್ತು. ನಿಮ್ದು ನಾಲ್ಕೇ ವರ್ಷ, ತೂಕ ಜಾಸ್ತಿ ಇದ್ರೆ ಟೈಮ್ ಇನ್ನೂ ಇದೆ, ಆದ್ರೆ ಅಷ್ಟು ಕಮ್ಮಿ ಊಟ ಡಾಕ್ಟ್ರನ್ನ ಕೇಳದೆ ಶುರು ಮಾಡ್ಬೇಡಿ, ಮೆಟ್‌ಫಾರ್ಮಿನ್ನೂ ನೀವಾಗೇ ನಿಲ್ಲಿಸ್ಬೇಡಿ.

ಕಾಲಿನ ಮಾತ್ರೆನೂ ಜಾತಿಯಲ್ಲಿ ಆಂಟಿಆಕ್ಸಿಡೆಂಟೇ, ಆದ್ರೆ ಕೊಟ್ಟಿರೋದು ನರದ ಉರಿಗೆ, ಪ್ಯಾಂಕ್ರಿಯಾಸ್‌ಗಲ್ಲ. ಅದನ್ನ ಡಾಕ್ಟ್ರು ಹೇಳ್ದಂಗೆ ತಗೊಳ್ಳಿ, ಹಾಗೇ ಬಿ12 ಒಂದ್ಸಲ ಟೆಸ್ಟ್ ಮಾಡಿಸಿ, ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡ್ರೆ ಅದು ಇಳಿಯೋದುಂಟು, ಆಗ್ಲೂ ಕಾಲು ಹಿಂಗೇ ಉರಿಯುತ್ತೆ.