ಪಾಸಿಟಿವ್ ಅಂದ ಮಾತ್ರಕ್ಕೆ ಹರಡುತ್ತೆ ಅಂತಲ್ಲ

ಪ್ರಶ್ನೆ: ಡಾಕ್ಟರೇ, ಕೋವಿಡ್ ಶುರುವಾಗಿ ಇವತ್ತಿಗೆ 17 ದಿನ. ಆಸ್ಪತ್ರೆಗೆ ಸೇರಲಿಲ್ಲ, ಮನೆಯಲ್ಲೇ ಇದ್ದು ಸರಿಹೋದೆ. ಜ್ವರ ಮೂರೇ ದಿನಕ್ಕೆ ಬಿಟ್ಟಿತು, ಒಣಕೆಮ್ಮು ಮಾತ್ರ ಬಿಟ್ಟಿಲ್ಲ. ಆರ್‌ಟಿ-ಪಿಸಿಆರ್ ಮತ್ತೆ ಮಾಡಿಸಿದರೆ ಪಾಸಿಟಿವ್! ಮನೆಯಲ್ಲಿ ಎರಡು ತಿಂಗಳ ಮೊಮ್ಮಗು ಇದೆ, ಎತ್ತಿಕೊಳ್ಳೋಕೆ ಭಯ. ನಾನಿನ್ನೂ ಹರಡುತ್ತಿದ್ದೇನಾ?

ಉತ್ತರ: ಮೊದಲು ಭಯಕ್ಕೆ ಉತ್ತರ. ನಿಮಗೆ ಅಂಗ ಕಸಿ, ಕ್ಯಾನ್ಸರ್ ಚಿಕಿತ್ಸೆ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಇಂಥದ್ದೇನೂ ಇಲ್ಲ ಅಂದರೆ, 17ನೇ ದಿನ ನಿಮ್ಮಿಂದ ಮಗುವಿಗೆ ಕೋವಿಡ್ ಅಂಟುವ ಸಾಧ್ಯತೆ ತೀರಾ ಕಡಿಮೆ.

ಹಾಗಾದರೆ ಪಾಸಿಟಿವ್ ಯಾಕೆ ಬಂತು? ಪಿಸಿಆರ್ ಹುಡುಕುವುದು ವೈರಸ್ಸಿನ ಜೀನ್‌ನ ತುಣುಕನ್ನು. ಆ ತುಣುಕು ಬದುಕಿರುವ ವೈರಸ್ಸಿನದೋ, ಸತ್ತು ಚೂರಾಗಿದ್ದರದೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹಾವು ಹೋಗಿದೆ, ಪೊರೆ ಬಿದ್ದಿದೆ. ಕೆಲವರಲ್ಲಿ ಈ ಪೊರೆ ವಾರಗಟ್ಟಲೆ ಸಿಗುತ್ತಲೇ ಇರುತ್ತದೆ, ಎರಡು-ಮೂರು ತಿಂಗಳು ಎಳೆದದ್ದೂ ಉಂಟು.

ವೈರಸ್ ಬದುಕಿದೆಯಾ ಅಂತ ನೋಡಬೇಕಾದರೆ ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ನಿಮ್ಮ ಮೂಗಿನ ಸ್ಯಾಂಪಲ್ ಹಾಕಿ ಕೆಲವು ದಿನ ಕಾಯಬೇಕು. ವೈರಸ್ ಬದುಕಿದ್ದರೆ ಸೂಕ್ಷ್ಮದರ್ಶಕದಲ್ಲೇ ಕಾಣುತ್ತದೆ: ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಒತ್ತಾಗಿ ಅಂಟಿಕೊಂಡಿದ್ದ ಕೋಶಗಳು ದುಂಡಗಾಗಿ, ಮುದುಡಿ, ತಳ ಬಿಟ್ಟು ತೇಲತೊಡಗುತ್ತವೆ. ಸತ್ತ ತುಣುಕುಗಳಷ್ಟೇ ಇದ್ದರೆ ಏನೂ ಆಗುವುದಿಲ್ಲ. 2020ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ 9 ರೋಗಿಗಳ ಸ್ಯಾಂಪಲ್ ಹೀಗೆ ಬೆಳೆಸಿ ನೋಡಿದಾಗ, ಲಕ್ಷಣ ಶುರುವಾಗಿ 8 ದಿನ ಕಳೆದ ಮೇಲೆ ಯಾರಲ್ಲೂ ವೈರಸ್ ಬೆಳೆಯಲಿಲ್ಲ, ಪಿಸಿಆರ್ ಮಾತ್ರ ಪಾಸಿಟಿವ್ ತೋರಿಸುತ್ತಲೇ ಇತ್ತು. ಆಮೇಲಿನ ಅಧ್ಯಯನಗಳಲ್ಲೂ ಸಾಧಾರಣ ಕೋವಿಡ್‌ಗೆ ಹೆಚ್ಚುಕಡಿಮೆ 10 ದಿನದ ಲೆಕ್ಕವೇ ಸಿಕ್ಕಿದೆ.

ಕೆಮ್ಮಿಗೆ ಬರೋಣ. ವೈರಸ್ ಹೋದ ಮೇಲೂ ಶ್ವಾಸನಾಳದ ಒಳಪದರ ಕೆರಳಿಯೇ ಇರುತ್ತದೆ, ಅದು ಮಾಗಲು 3ರಿಂದ 8 ವಾರ ಬೇಕಾಗಬಹುದು. ಆದರೆ ಒಂದು ಮಾತು, ದಯವಿಟ್ಟು ಗಮನಿಸಿ. ಕೆಮ್ಮು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಅಲೆಯಲೆಯಾಗಿ ಬಂದು ಉಸಿರು ಕಟ್ಟಿಸಿ ವಾಂತಿ ತರಿಸುತ್ತಿದ್ದರೆ, ಮಗುವನ್ನು ಮುಟ್ಟುವ ಮೊದಲೇ ಡಾಕ್ಟರಿಗೆ ತೋರಿಸಿ. ನಾಯಿಕೆಮ್ಮು ಇರಬಹುದು. ಎರಡು ತಿಂಗಳ ಕೂಸಿಗೆ ಅದು ನಿಜವಾಗಲೂ ಅಪಾಯ. ಹೊಸದಾಗಿ ಜ್ವರ, ನೆಗಡಿ ಬಂದರೂ ಅಷ್ಟೇ, ಆಗ ಲೆಕ್ಕ ಮತ್ತೆ ಒಂದರಿಂದ ಶುರು. ಇದ್ಯಾವುದೂ ಇಲ್ವಾ? ಕೈ ತೊಳೆದು ಎತ್ತಿಕೊಳ್ಳಿ.

ಪ್ರಶ್ನೆ: ನನಗೂ ನಾಲ್ಕು ವರ್ಷದ ಮಗನಿಗೂ ಒಟ್ಟಿಗೇ ಫ್ಲೂ ಬಂತು. ಐದನೇ ದಿನಕ್ಕೆ ನಾನು ಸರಿಯಾದೆ. ಅವನಿಗೂ ಜ್ವರ ಬಿಟ್ಟಿದೆ, ಆದರೆ ಮೂಗು ಸೋರುತ್ತಲೇ ಇದೆ. ಯಾರು ಜಾಸ್ತಿ ಹರಡುತ್ತಾರೆ, ಯಾರು ಕಡಿಮೆ ಅಂತ ಗುರುತಿಸೋದು ಹೇಗೆ?

ಉತ್ತರ: ಒಂದೇ ಒಂದು ಗುರುತು ಹೇಳಿ ಅಂದರೆ, ದಿನ ಎಣಿಸಿ ಎನ್ನುತ್ತೇನೆ. ಫ್ಲೂ ಆದರೆ ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ವೈರಸ್ ಹೊರಬರುತ್ತದೆ, ಮೊದಲ ಮೂರು ದಿನ ಅತಿ ಜಾಸ್ತಿ, ದೊಡ್ಡವರಲ್ಲಿ 5ರಿಂದ 7 ದಿನಕ್ಕೆ ಮುಗಿಯುತ್ತದೆ. ನನಗೆ ಬೇಸರ ಆಗುವುದೇ ಇಲ್ಲಿ. ಮೊದಲ ದಿನ "ಸುಮ್ನೆ ಗಂಟಲು ಕೆರೆತ" ಅಂತ ಎಲ್ಲ ಕಡೆ ಓಡಾಡುತ್ತಾರೆ, ಐದನೇ ದಿನ ಸುಸ್ತಾಗಿ ಮಾಸ್ಕ್ ಹಾಕಿಕೊಂಡು ನನ್ನ ಮುಂದೆ ಕೂರುತ್ತಾರೆ. ಮಾಸ್ಕ್ ಬೇಕಿದ್ದದ್ದು ಆ ಮೊದಲ ದಿನ, ಅಲ್ವಾ?

ದಿನದ ನಂತರ ವಯಸ್ಸು. ನಿಮ್ಮ ಮಗನ ಮೈ ಇಂಥ ವೈರಸ್ಸನ್ನು ಹೆಚ್ಚು ಸಲ ಕಂಡಿರುವುದಿಲ್ಲ, ಹಾಗಾಗಿ ಹೊಡೆದೋಡಿಸಲು ಸಮಯ ಹಿಡಿಯುತ್ತದೆ, ಚಿಕ್ಕ ಮಕ್ಕಳಲ್ಲಿ 10 ದಿನ ದಾಟುವುದೂ ಇದೆ. ಆರ್‌ಎಸ್‌ವಿ ಅನ್ನುವ ಇನ್ನೊಂದು ವೈರಸ್ ಸಾಮಾನ್ಯವಾಗಿ 3ರಿಂದ 8 ದಿನ ಹರಡಿದರೆ, ಕೆಲವು ಹಸುಗೂಸುಗಳಿಂದ 4 ವಾರದವರೆಗೂ ಹರಡಬಹುದು. ರೋಗನಿರೋಧಕ ಶಕ್ತಿ ತುಂಬಾ ಕುಗ್ಗಿದವರ ಕಥೆಯೇ ಬೇರೆ. ಅಂಥ ಕೆಲವರಿಂದ ತಿಂಗಳುಗಳ ನಂತರವೂ ಜೀವಂತ ಕೊರೊನಾ ವೈರಸ್ ಬೆಳೆಸಿದ್ದಾರೆ, ಅವರಿಗೆ ಈ ದಿನದ ಲೆಕ್ಕ ಹಾಕಲೇಬೇಡಿ. ಮೊದಲೇ ಲಸಿಕೆ ಆಗಿದ್ದರೆ ಅಥವಾ ಸೋಂಕು ಬಂದುಹೋಗಿದ್ದರೆ ವೈರಸ್ ಸಾಮಾನ್ಯವಾಗಿ ಬೇಗ ಇಳಿಯುತ್ತದೆ, ಯಾಕೆಂದರೆ ಪ್ರತಿಕಾಯಗಳು ಅದಕ್ಕೆ ಸುತ್ತಿಕೊಂಡು ಜೀವಕೋಶದ ಒಳಗೆ ನುಗ್ಗದಂತೆ ತಡೆಯುತ್ತವೆ.

ಜ್ವರವೂ ಒಂದು ಗುರುತು, ಆದರೆ ಪ್ಯಾರಾಸಿಟಮಾಲ್ ಅದನ್ನು ಮುಚ್ಚಿಬಿಡುತ್ತದೆ. ಬೆಳಿಗ್ಗೆ ಮಾತ್ರೆ ನುಂಗಿಸಿ "ಜ್ವರ ಇಲ್ಲ" ಅಂತ ಶಾಲೆಗೆ ಕಳಿಸಿದರೆ ಲೆಕ್ಕಕ್ಕೆ ಬರುವುದಿಲ್ಲ. ಮಾತ್ರೆಯಿಲ್ಲದೆ 24 ಗಂಟೆ ಜ್ವರ ಇರಬಾರದು.

ಕೆಮ್ಮಿಲ್ಲದವರು ಹರಡಲ್ಲ ಅನ್ನೋದೂ ತಪ್ಪು. 2018ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಫ್ಲೂ ಬಂದವರನ್ನು ಒಂದು ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಕೂರಿಸಿ ಅವರ ಉಸಿರನ್ನು ಸಂಗ್ರಹಿಸಿದರು. ಕೆಮ್ಮದೆ ಸುಮ್ಮನೆ ಉಸಿರಾಡಿದವರಿಂದಲೂ ಸಣ್ಣ ಕಣಗಳಲ್ಲಿ ಜೀವಂತ ವೈರಸ್ ಬಂದಿತ್ತು.

ನಿಮ್ಮ ಮಗ ಮಾತ್ರೆ ಇಲ್ಲದೆ ಒಂದು ದಿನ ಜ್ವರವಿಲ್ಲದೆ ಇದ್ದು, ಆಟ ಊಟ ಸರಿಯಾಗಿದ್ದರೆ ಶಾಲೆಗೆ ಹೋಗಲಿ. ವಯಸ್ಸಾದವರು, ಹಸುಗೂಸುಗಳ ಹತ್ತಿರ ಇನ್ನೊಂದು ಐದು ದಿನ ಬಿಡಬೇಡಿ.

ಪ್ರಶ್ನೆ: ಫ್ಲೂ ಬಂದಾಗ ಆಂಟಿಬಯೋಟಿಕ್ ತಗೊಂಡರೆ ಬೇರೆಯವರಿಗೆ ಹರಡೋದು ನಿಲ್ಲುತ್ತಾ?

ಉತ್ತರ: ಇಲ್ಲ. ಅದು ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗಲ್ಲ. ಫ್ಲೂಗೆ ಒಸೆಲ್ಟಾಮಿವಿರ್ ಅನ್ನುವ ಔಷಧ ಬೇರೆಯೇ ಇದೆ, ಮೊದಲ 48 ಗಂಟೆಯೊಳಗೆ ಶುರುಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನೂ ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಪ್ರಶ್ನೆ: ಗಂಟಲು ನೋವು ಶುರುವಾದ ದಿನವೇ ಮನೆಯಲ್ಲಿ ಕೋವಿಡ್ ಕಿಟ್ ಹಾಕಿ ನೋಡಿದೆ, ನೆಗೆಟಿವ್. ನಾಳೆ ಒಂದು ಸಮಾರಂಭಕ್ಕೆ ಹೋಗಬಹುದಾ?

ಉತ್ತರ: ಹೋಗಬೇಡಿ. ಆ ಕಿಟ್‌ನಲ್ಲಿ ಗೆರೆ ಮೂಡಬೇಕಾದರೆ ವೈರಸ್ ಸಾಕಷ್ಟಿರಬೇಕು, ಮೊದಲ ದಿನ ಇನ್ನೂ ಏರುತ್ತಿರುತ್ತದೆ. 48 ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಆಗ ಗೆರೆ ಎಷ್ಟೇ ಮಸುಕಾಗಿ ಕಂಡರೂ ಪಾಸಿಟಿವ್ ಅಂತಲೇ ಲೆಕ್ಕ. ಮತ್ತೆ ನೆಗೆಟಿವ್ ಬಂದರೂ ಅದು ಫ್ಲೂ ಆಗಿರಬಹುದು, ಕಿಟ್ ಅದನ್ನು ಹೇಳುವುದಿಲ್ಲ. ಸಮಾರಂಭದವರಿಗೆ ಇವತ್ತೇ ಫೋನ್ ಮಾಡಿ ತಿಳಿಸಿಬಿಡಿ.