ಸುಟ್ಟ ಫ್ಯಾನಿಗೆ ರೀವೈಂಡಿಂಗ್ ಮಾಡಿಸಬೇಕೇ, ಹೊಸದು ತರಬೇಕೇ?

ಹಜಾರದ ಹಳೆಯ ಫ್ಯಾನಿನ ಕಾಯಿಲ್ ಸುಟ್ಟಿದೆ, 500 ರೂಪಾಯಿಗೆ ರೀವೈಂಡಿಂಗ್ (ಹೊಸ ತಂತಿ ಸುತ್ತಿಸುವುದು) ಮಾಡಿಸುವುದೋ, 3,000 ಕೊಟ್ಟು ಬಿಎಲ್‌ಡಿಸಿ (ಕಡಿಮೆ ವಿದ್ಯುತ್ ಎಳೆಯುವ ಬ್ರಷ್ ಇಲ್ಲದ ಮೋಟಾರಿನ) ಫ್ಯಾನ್ ತರುವುದೋ ಎಂದು ಕೇಳಿದ್ದೀರಿ ಅಣ್ಣ. ಅತಿಥಿಗಳ ಕೋಣೆಯದಾಗಿದ್ದರೆ ಸುತ್ತಿಸಿ ಹಾಕಿ ಎನ್ನುತ್ತಿದ್ದೆ. ಹಜಾರದ ಫ್ಯಾನಿಗೆ ಬಿಡುವೇ ಇರುವುದಿಲ್ಲ, ಹೊಸದನ್ನೇ ತನ್ನಿ.

ಹಳೆಯದು ಸುಮಾರು 75 ವಾಟ್ ಎಳೆಯುತ್ತದೆ, ಬಿಎಲ್‌ಡಿಸಿ 30ರ ಆಸುಪಾಸು. ದಿನಕ್ಕೆ 12 ಗಂಟೆ ಹಿಡಿದರೆ ವರ್ಷಕ್ಕೆ 197 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ 6 ರೂಪಾಯಿಯಂತೆ ಅದು 1,180 ರೂಪಾಯಿ. ಹೆಚ್ಚಿಗೆ ಕೊಟ್ಟ 2,500 ಎರಡು ವರ್ಷ ದಾಟುತ್ತಿದ್ದಂತೆ ಕೈಸೇರುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಬ್ಯಾಟರಿಯ ಮೇಲೆ ಫ್ಯಾನಿನಿಂದ ಬೀಳುವ ಭಾರವೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಇದು ಸಣ್ಣ ಲಾಭವಲ್ಲ.

ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಇರುವಾಗ ಈ ಲೆಕ್ಕವೇಕೆ ಎಂದು ಇಲ್ಲಿ ಒಬ್ಬರು ಬರೆದಿದ್ದಾರೆ. ಉಚಿತವಾಗಿ ಸಿಗುವುದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಒಂದಿಷ್ಟು ಮಾತ್ರ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಗೆರೆಯ ಒಳಗೆ ಉಳಿಯುವುದಕ್ಕೆ ಇಂಥ ಫ್ಯಾನೇ ಆಸರೆ.

ಇನ್ನು ಸ್ಟಾರ್ ಚೀಟಿಯ ವಿಷಯ. ಕೇಂದ್ರದ ಇಂಧನ ದಕ್ಷತೆ ಸಂಸ್ಥೆ ಬಿಇಇ ಈ ಪದ್ಧತಿಯನ್ನು 2006ರಲ್ಲಿ ಆರಂಭಿಸಿತು. ಸೀಲಿಂಗ್ ಫ್ಯಾನಿಗೆ ಅದು ಕಡ್ಡಾಯವಾದದ್ದು 2023ರ ಜನವರಿಯಿಂದ. ಒಂದು ವಾಟ್ ವಿದ್ಯುತ್ತಿಗೆ ಎಷ್ಟು ಗಾಳಿ ಬೀಸುತ್ತದೆ ಎಂಬುದೇ ಇಲ್ಲಿನ ಅಳತೆ. ಅಂಗಡಿಯಲ್ಲಿ ಸ್ಟಾರ್ ಎಣಿಸಿ ಸುಮ್ಮನಾಗದೆ ಚೀಟಿಯ ಮೇಲಿನ ವರ್ಷವನ್ನೂ ನೋಡಿ, ಏಕೆಂದರೆ ಮಾನದಂಡ ಆಗಾಗ ಬಿಗಿಯಾಗುತ್ತದೆ. 2022ರ ಜುಲೈಯಲ್ಲಿ ಎಸಿಗಳಿಗೆ ಹಾಗೆಯೇ ಆಯಿತು: ಹಿಂದಿನ ದಿನದವರೆಗೆ 5 ಸ್ಟಾರ್ ಇದ್ದದ್ದು 4ಕ್ಕೆ ಇಳಿಯಿತು. ಹಳೆಯ ದಾಸ್ತಾನನ್ನು ರಿಯಾಯಿತಿಯ ಹೆಸರಿನಲ್ಲಿ ದಾಟಿಸುವವರಿದ್ದಾರೆ, ಎಚ್ಚರ.

ನನಗೆ ಹಣಕ್ಕಿಂತ ದೊಡ್ಡದಾಗಿ ಕಾಣುವುದು ನೀರು. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರ ಕಲ್ಲಿದ್ದಲು ಉರಿಸುವುದರ ಜೊತೆಗೆ ಕೃಷ್ಣೆಯ ನೀರನ್ನೂ ಬಳಸುತ್ತದೆ. ಹಳೆಯ ಉಷ್ಣ ಸ್ಥಾವರಗಳಿಗೆ ಕೇಂದ್ರ ಪರಿಸರ ಸಚಿವಾಲಯ 2015ರಲ್ಲಿ ಹಾಕಿದ ಮಿತಿಯೇ ಯೂನಿಟ್‌ಗೆ 3.5 ಲೀಟರ್. ಆ ಲೆಕ್ಕದಲ್ಲಿ ನಿಮ್ಮ ಒಂದು ಫ್ಯಾನ್ ವರ್ಷಕ್ಕೆ ಸುಮಾರು 690 ಲೀಟರ್ ಉಳಿಸಬಲ್ಲದು. ಮಾನದಂಡ ಕಡ್ಡಾಯವಾಗಿಯೇ ಇರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಊರಿನ ಎಲ್ಲರೂ ವಾಟ್ ಲೆಕ್ಕ ಹಾಕಿ ಕೊಳ್ಳುವುದಿಲ್ಲ, ಕೆಟ್ಟ ಮಾಲು ಅಂಗಡಿಗೇ ಬಾರದಿದ್ದರೆ ಎಲ್ಲರಿಗೂ ಉಳಿತಾಯ.

ಕೂರಿಸುವಾಗ ಹಳೆಯ ರೆಗ್ಯುಲೇಟರನ್ನು ಬೈಪಾಸ್ ಮಾಡಿಸಿ, ಬಿಎಲ್‌ಡಿಸಿಗೆ ಅದು ಹೊಂದುವುದಿಲ್ಲ. ಈ ಫ್ಯಾನಿನಲ್ಲಿ ಕೈಕೊಡುವುದು ಹೆಚ್ಚಾಗಿ ಒಳಗಿನ ಸರ್ಕ್ಯೂಟ್ ಬೋರ್ಡ್. ವಾರಂಟಿ ಮೋಟಾರಿಗೆ ಮಾತ್ರವೋ, ಬೋರ್ಡಿಗೂ ಇದೆಯೋ ಎಂದು ಕೇಳಿ, ರಸೀದಿಯಲ್ಲೇ ಬರೆಸಿಕೊಳ್ಳಿ. ಗುಡುಗು ಸಿಡಿಲಿನ ದಿನ ಸ್ವಿಚ್ ಆರಿಸಿಬಿಡಿ.